ಆಫೀಸಿಗೆ ಸ್ವಂತ ಸರ್ವರ್: ಕರೆಂಟಿನಿಂದ ಶುರು ಮಾಡಿ, ಮೇಲ್ ಕೊನೆಗಿರಲಿ

ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸು. ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಜಿಎಸ್‌ಟಿ ರಿಟರ್ನು, ಬ್ಯಾಲೆನ್ಸ್ ಶೀಟು, ಇಲಾಖೆಯ ನೋಟಿಸಿಗೆ ಉತ್ತರ, ಎಲ್ಲವೂ ಒಬ್ಬೊಬ್ಬರ ಸ್ವಂತ ಜಿಮೇಲ್ ವಿಳಾಸದಿಂದ ಹೋಗುತ್ತಿತ್ತು. ಅಲ್ಲಿ ನಾಲ್ಕು ವರ್ಷ ದುಡಿದವರೊಬ್ಬರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು. ನಾಲ್ಕು ವರ್ಷದ ಪತ್ರಗಳೂ ಅವರ ಹಿಂದೆಯೇ ಹೋದವು. ಅವರನ್ನು ದೂರುವಂತಿಲ್ಲ. ವಿಳಾಸ ಅವರದ್ದೇ ಅಲ್ವಾ? ಆಗ ಆ ಆಫೀಸಿನ ಸಾಹೇಬರು ನನ್ನನ್ನು ಕರೆಸಿದರು.

ಇಂಥ ಸಣ್ಣ ಆಫೀಸುಗಳಿಗೆ ಸರ್ವರ್ ಕೂರಿಸುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು ಮೇಲ್. ನಾನು ಮೇಲನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಕರೆಂಟು, ವಿಳಾಸ, ಹೆಸರು, ಫೈಲು, ಆಮೇಲೆ ಮೇಲ್. ಈ ಸಾಲು ತಪ್ಪಿದರೆ ತೊಂದರೆ ಎಲ್ಲಿದೆ ಅಂತ ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಒಂದು ಗಂಟೆ ಸರ್ವರ್ ಕಡೆ ನೋಡುವವರು ಆಫೀಸಿನಲ್ಲಿ ಯಾರೂ ಇಲ್ಲ ಅನ್ನುವುದಾದರೆ ಮೇಲನ್ನು ಗೂಗಲ್, ಜೋಹೋ ಅಂಥವರ ಹತ್ತಿರ ಬಾಡಿಗೆಗೆ ತಗೊಳ್ಳಿ. ಡೊಮೇನ್ ಹೆಸರು, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು ಮಾತ್ರ ನಿಮ್ಮದೇ ಇರಲಿ. ಫೈಲು, ಪ್ರಿಂಟರು, ನೆಟ್‌ವರ್ಕು ಆಫೀಸಿನಲ್ಲೇ ಇರಲಿ. ಅದರಲ್ಲಿ ಕಡಿಮೆ ಅನ್ನುವಂಥದ್ದು ಏನೂ ಇಲ್ಲ. ನೋಡಿಕೊಳ್ಳುವವರು ಇದ್ದಾರೆ ಅಂದರೆ ಮುಂದೆ ಓದಿ.

ಜಾಗ ಮತ್ತು ಕರೆಂಟು

ಹದಿನೈದು ಜನರ ಆಫೀಸಿಗೆ ದೊಡ್ಡ ಯಂತ್ರ ಬೇಡ. ನಾಲ್ಕು ಕೋರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, 2 ಟಿಬಿಯ ಎರಡು ಡಿಸ್ಕು ಸಾಕು. ಎರಡು ಡಿಸ್ಕಿನಲ್ಲೂ ಒಂದೇ ಮಾಹಿತಿ ಬರೆಯುವ ಹಾಗೆ ರೇಡ್ 1 ಮಾಡಿ. ಒಂದು ಕೆಟ್ಟರೂ ಇನ್ನೊಂದರ ಮೇಲೆ ಕೆಲಸ ನಡೆಯುತ್ತದೆ.

ಯಂತ್ರವನ್ನು ಯಾರದೋ ಮೇಜಿನ ಕೆಳಗೆ ಇಡಬೇಡಿ. ನಾನು ನೋಡಿದ ಒಂದು ಕಡೆ ದಿನಾ ಸಂಜೆ ನಾಲ್ಕಕ್ಕೆ ಸರ್ವರ್ ಆರಿಹೋಗುತ್ತಿತ್ತು. ಮೂರು ದಿನ ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ ಓದಿದೆ, ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಅಲ್ಲೇ ಕೂತೆ. ಚಹಾ ಮಾಡುವವರು ಬಂದರು, ಪ್ಲಗ್ ಕಿತ್ತರು, ಅದೇ ಜಾಗಕ್ಕೆ ಕೆಟಲ್ ಚುಚ್ಚಿದರು. ಆವತ್ತಿನಿಂದ ಸರ್ವರಿಗೆ ಬೇರೆ ಪಾಯಿಂಟು, ಅದರ ಮೇಲೆ ಕೆಂಪು ಟೇಪು, ‘ತೆಗೆಯಬೇಡಿ’ ಅಂತ ಕನ್ನಡದಲ್ಲಿ ಬರೆದ ಚೀಟಿ. ಎಲ್ಲ ಆಫೀಸಿನಲ್ಲೂ ಇದೇ ನನ್ನ ಮೊದಲ ಕೆಲಸ.

ಯುಪಿಎಸ್ ತಂದರೆ ಅದರ ಯುಎಸ್‌ಬಿ ತಂತಿಯನ್ನೂ ಸರ್ವರಿಗೆ ಹಾಕಿ. ಸುಮಾರು ಜನ ಆ ತಂತಿಯನ್ನು ಡಬ್ಬದಲ್ಲೇ ಬಿಟ್ಟಿರುತ್ತಾರೆ. ತಂತಿ ಇದ್ದರೆ, ನಟ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಹಾಕಿದ ಮೇಲೆ ಒಂದು ಶನಿವಾರ ಯುಪಿಎಸ್‌ನ ಪ್ಲಗ್ ಕಿತ್ತು ನೋಡಿಯೇ ಬಿಡಿ.

ಆಪರೇಟಿಂಗ್ ಸಿಸ್ಟಮ್ ಆಗಿ ನಾನು ಹಾಕುವುದು ಡೆಬಿಯನ್. ದುಡ್ಡು ಕೊಡಬೇಕಿಲ್ಲ. ಒಂದು ಆವೃತ್ತಿಗೆ ಮೂರು ವರ್ಷ, ಆಮೇಲೆ ದೀರ್ಘಾವಧಿಯ ತಂಡದಿಂದ ಇನ್ನೆರಡು ವರ್ಷ ಭದ್ರತಾ ತಿದ್ದುಪಡಿ ಬರುತ್ತದೆ. ಈ ಆಫೀಸಿನ ಸರ್ವರಿಗೆ ಊರಿಗೆ ನೀರು ಕೊಡುವ ನದಿಯ ಹೆಸರಿಟ್ಟೆವು: ಮಲಪ್ರಭಾ. ಸರ್ವರಿಗೆ ಒಂದು ಹೆಸರಿದ್ದರೆ ಜನ ಅದನ್ನು ನೆನಪಿಟ್ಟುಕೊಳ್ಳುತ್ತಾರೆ.

ವಿಳಾಸ ಹಂಚುವವರು ಒಬ್ಬರೇ ಇರಬೇಕು

ಈಗ ಒಂದು ಹಾಳೆ ತಗೊಳ್ಳಿ. ಯಾವ ಯಂತ್ರಕ್ಕೆ ಯಾವ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಅಂತ ಕೈಯಲ್ಲೇ ಬರೆಯಿರಿ. ನಾವು ಬರೆದದ್ದು ಹೀಗೆ: ರೂಟರ್ 192.168.10.1, ಸರ್ವರ್ 192.168.10.2, ಪ್ರಿಂಟರ್‌ಗಳು 20ರಿಂದ 29, ಉಳಿದ ಕಂಪ್ಯೂಟರ್, ಮೊಬೈಲುಗಳಿಗೆಲ್ಲ 100ರಿಂದ 199.

ನಡುವಿನ ಅಂಕಿ 10 ಯಾಕೆ? ಮನೆಗಳಲ್ಲಿರುವ ರೂಟರ್‌ಗಳು ಸಾಮಾನ್ಯವಾಗಿ 192.168.0 ಇಲ್ಲವೇ 192.168.1 ಸಾಲನ್ನೇ ಬಳಸುತ್ತವೆ. ಆಫೀಸಿನದ್ದೂ ಅದೇ ಆಗಿಬಿಟ್ಟರೆ ನಾಳೆ ಯಾರಾದರೂ ಮನೆಯಿಂದ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಸೇರುವ ಖಾಸಗಿ ದಾರಿ) ಮೂಲಕ ಬಂದಾಗ ಎರಡೂ ಕಡೆಯ ವಿಳಾಸ ಡಿಕ್ಕಿ ಹೊಡೆಯುತ್ತವೆ. ಇವತ್ತು ಒಂದು ಅಂಕಿ ಬದಲಿಸಿದರೆ ಮುಗಿಯಿತು. ಎರಡು ವರ್ಷ ಬಿಟ್ಟು ಬದಲಿಸುವುದಾದರೆ ಇಡೀ ಆಫೀಸನ್ನೇ ಎಬ್ಬಿಸಬೇಕು.

ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಹೆಸರು ಹೇಳಿದರೆ ವಿಳಾಸ ತಿಳಿಸುವ ಕೆಲಸಕ್ಕೆ ಡಿಎನ್‌ಎಸ್. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶ ಎರಡನ್ನೂ ಮಾಡುತ್ತದೆ. ಅದನ್ನು ಸರ್ವರಿನಲ್ಲಿ ಶುರು ಮಾಡುವ ಮೊದಲು ರೂಟರಿನ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಮರೆತರೆ ಏನಾಗುತ್ತದೆ ಅಂತ ಈ ಆಫೀಸಿನಲ್ಲೇ ನೋಡಿದೆವು, ಆದರೆ ಬೇರೆ ದಾರಿಯಿಂದ.

ಎಲ್ಲ ಸರಿಯಾಗಿ ನಡೆದು ಹತ್ತು ದಿನ ಆಗಿತ್ತು. ಬೆಳಿಗ್ಗೆ ಫೋನು ಬಂತು. “ಸರ್, ನೆಟ್ಟೂ ಬರವಲ್ದು, ಫೈಲೂ ಕಾಣವಲ್ವು.” ಅದೂ ಎಲ್ಲರಿಗೂ ಅಲ್ಲ, ಅರ್ಧ ಜನಕ್ಕೆ. ಹೋಗಿ ಒಂದು ಕಂಪ್ಯೂಟರಿನ ವಿಳಾಸ ನೋಡಿದೆ: 192.168.0.104. ನಮ್ಮ ಹಾಳೆಯಲ್ಲಿ ಈ ಸಾಲೇ ಇಲ್ಲ. ಅಂದರೆ ಇನ್ಯಾರೋ ವಿಳಾಸ ಹಂಚುತ್ತಿದ್ದಾರೆ. ಹಂಚುತ್ತಿದ್ದ ಯಂತ್ರದ ಮ್ಯಾಕ್ ವಿಳಾಸ, ಅಂದರೆ ತಯಾರಿಸುವಾಗಲೇ ಯಂತ್ರಕ್ಕೆ ಕೊಟ್ಟ ಗುರುತು ತೆಗೆದೆ. ಅದರ ಮೊದಲ ಮೂರು ಜೋಡಿ ಅಕ್ಷರಗಳಿಂದ ಯಾವ ಕಂಪನಿಯ ಸಾಮಾನು ಅಂತ ತಿಳಿಯುತ್ತದೆ. ನಾವು ತಂದಿದ್ದ ಕಂಪನಿಯದ್ದಲ್ಲ. ತಂತಿ ಹಿಡಿದು ಹೋದರೆ ಮಹಡಿಯ ಮೂಲೆಯ ಕೋಣೆ. ಅಲ್ಲಿ ವೈಫೈ ಸಿಗುವುದಿಲ್ಲ ಅಂತ ಒಬ್ಬರು ಮನೆಯ ಹಳೆಯ ವೈಫೈ ಡಬ್ಬಿ ತಂದು ಗೋಡೆಯ ನೆಟ್‌ವರ್ಕ್ ಪಾಯಿಂಟಿಗೆ ಚುಚ್ಚಿದ್ದರು. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಯಾರ ಉತ್ತರ ಮೊದಲು ಬಂತೋ ಅವರ ವಿಳಾಸವೇ ಖಾಯಂ. ಹಾಗಾಗಿ ಅರ್ಧ ಆಫೀಸು ಅತ್ತ, ಅರ್ಧ ಇತ್ತ. ಡಬ್ಬಿಯನ್ನು ಬಿಸಾಡಲಿಲ್ಲ. ಅದರ ಡಿಎಚ್‌ಸಿಪಿ ಆಫ್ ಮಾಡಿ, ನಮ್ಮ ಸಾಲಿನ ವಿಳಾಸ ಕೊಟ್ಟು, ಬರೀ ವೈಫೈ ಹಂಚಲು ಅಲ್ಲೇ ಬಿಟ್ಟೆ. ಆ ಕೋಣೆಗೆ ವೈಫೈ ನಿಜವಾಗಿಯೂ ಬೇಕಿತ್ತು.

ಗಡಿಯಾರವನ್ನೂ ಈಗಲೇ ಸರಿ ಮಾಡಿ. ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ಸಮಯದ ಸರ್ವರಿಗೆ ನಿಮ್ಮ ಸರ್ವರನ್ನು ಜೋಡಿಸಿ, ಉಳಿದ ಕಂಪ್ಯೂಟರ್‌ಗಳು ನಿಮ್ಮ ಸರ್ವರನ್ನು ಕೇಳಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನವೂ ಇದನ್ನೇ ಹೇಳುತ್ತದೆ. ಜೊತೆಗೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಅನ್ನುತ್ತದೆ. ಸರ್ವರಿನ ಲಾಗ್‌ಗಳು ಸಾಮಾನ್ಯವಾಗಿ ಕೆಲವು ವಾರಕ್ಕೇ ಅಳಿಸಿಹೋಗುತ್ತವೆ. ಆ ಸೆಟ್ಟಿಂಗ್ ಬದಲಿಸಿ.

ಫೈಲುಗಳ ಕಪಾಟು

ಫೈಲು ಹಂಚಿಕೊಳ್ಳಲು ಸಾಂಬಾ ಅನ್ನುವ ತಂತ್ರಾಂಶ. ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ಮಾಮೂಲಿ ನೆಟ್‌ವರ್ಕ್ ಡ್ರೈವಿನ ಹಾಗೇ ಕಾಣುತ್ತದೆ. ಆಡಿಟ್, ಜಿಎಸ್‌ಟಿ, ಸಂಬಳ ಅಂತ ಗುಂಪು ಮಾಡಿ, ಯಾರು ಯಾವ ಗುಂಪಿನವರು ಅಂತ ಸಾಹೇಬರ ಹತ್ತಿರವೇ ಬರೆಸಿಕೊಳ್ಳಿ. ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡು. ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡು ಇಟ್ಟರೆ ಫೈಲು ಅಳಿಸಿದ್ದು ಯಾರು ಅಂತ ಗೊತ್ತಾಗುವುದೇ ಇಲ್ಲ. ಸಾಂಬಾದಲ್ಲಿ ಕಸದ ಬುಟ್ಟಿಯ ಸೌಲಭ್ಯ ಇದೆ, ಅದನ್ನು ಹಾಕಿ. ಎಸ್‌ಎಂಬಿ 1 ಎಂಬ ಹಳೆಯ ಪದ್ಧತಿಯನ್ನು ಮಾತ್ರ ಮುಚ್ಚಿಯೇ ಇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತಿಡೀ ಹರಡಿದ್ದು ಅದರಲ್ಲಿದ್ದ ದೋಷ ಹಿಡಿದುಕೊಂಡೇ.

ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಏನೂ ತೊಂದರೆ ಇಲ್ಲ.

ಈಗ ಮೇಲ್

ಮೇಲ್ ವಿಚಾರಕ್ಕೆ ಕೈ ಹಾಕುವ ಮೊದಲು ಮೂರು ಕೆಲಸ ಆಗಬೇಕು. ಇವು ಕಂಪ್ಯೂಟರಿನ ಮುಂದೆ ಆಗುವಂಥವಲ್ಲ.

ಡೊಮೇನ್ ಹೆಸರು ಆಫೀಸಿನ ಹೆಸರಿನಲ್ಲಿ, ಆಫೀಸಿನ ಫೋನ್ ನಂಬರಿಗೆ ನೋಂದಣಿ ಆಗಿರಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಎರಡನೆಯದು, ಇಂಟರ್‌ನೆಟ್ ಕೊಡುವವರಿಂದ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ ತಗೊಳ್ಳಿ, 25ನೇ ಪೋರ್ಟ್ (ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲು) ತೆರೆದಿದೆಯಾ ಕೇಳಿ. ಮಾಮೂಲಿ ಬ್ರಾಡ್‌ಬ್ಯಾಂಡಿನಲ್ಲಿ ಅದು ಮುಚ್ಚಿರುವುದೇ ಜಾಸ್ತಿ. ಮೂರನೆಯದು ರಿವರ್ಸ್ ಡಿಎನ್‌ಎಸ್. ನಿಮ್ಮ ಐಪಿಯನ್ನು ಹಿಡಿದು ‘ಇದು ಯಾರದ್ದು?’ ಅಂತ ಕೇಳಿದರೆ ನಿಮ್ಮ ಮೇಲ್ ಸರ್ವರಿನ ಹೆಸರು ಬರಬೇಕು. ಇದನ್ನು ನೀವೇ ಬರೆಯಲು ಆಗುವುದಿಲ್ಲ, ಐಪಿ ಕೊಟ್ಟವರೇ ಬರೆಯಬೇಕು. ಈ ಅರ್ಜಿಯನ್ನು ಮೊದಲ ದಿನವೇ ಕೊಟ್ಟುಬಿಡಿ. ನನಗೆ ಒಂದು ಕಡೆ ಇದೊಂದಕ್ಕೇ ಮೂರು ವಾರ ಹಿಡಿದಿದೆ. ಆಗಲೇ ಇಲ್ಲ ಅಂದರೆ ಬರುವ ಮೇಲು ನಿಮ್ಮಲ್ಲಿಗೆ ಬರಲಿ, ಹೋಗುವ ಮೇಲನ್ನು ದುಡ್ಡು ಕೊಟ್ಟು ಒಂದು ರಿಲೇ ಸೇವೆಯ (ನಿಮ್ಮ ಪರವಾಗಿ ಮೇಲ್ ತಲುಪಿಸುವವರ) ಮೂಲಕ ಕಳಿಸಿ. ಅದೂ ಒಳ್ಳೆಯ ದಾರಿಯೇ.

ತಂತ್ರಾಂಶ ಎರಡು. ಪೋಸ್ಟ್‌ಫಿಕ್ಸ್ ಅಂಚೆಯಣ್ಣನ ಹಾಗೆ. ಕಾಗದ ಒಯ್ಯುತ್ತದೆ, ತರುತ್ತದೆ. ಡವ್‌ಕಾಟ್ ನಿಮ್ಮ ಅಂಚೆ ಪೆಟ್ಟಿಗೆ. ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ನೀವು ಓದುವುದು ಅದರಿಂದ. ಬೇಡದ ಮೇಲನ್ನು ಸೋಸಲು ಆರ್‌ಸ್ಪ್ಯಾಮ್‌ಡಿ ಹಾಕಿ. ಫೈರ್‌ವಾಲಿನಲ್ಲಿ, ಅಂದರೆ ನೆಟ್‌ವರ್ಕಿನ ಕಾವಲುಗಾರನಲ್ಲಿ, ಹೊರಗಿನಿಂದ ತೆರೆಯಬೇಕಾದ ಪೋರ್ಟ್‌ಗಳು ಬೇರೆ ಸರ್ವರ್‌ಗಳಿಗೆ 25, ನಿಮ್ಮವರು ಮೇಲ್ ಕಳಿಸಲು 587, ಓದಲು 993. ಸಾಂಬಾದ 445 ಯಾವತ್ತೂ ಹೊರಗೆ ಕಾಣಬಾರದು.

ಮೇಲ್ ಕಳಿಸುವುದು ಸುಲಭ. ಎದುರಿನ ಸರ್ವರ್ ಅದನ್ನು ನಂಬುವಂತೆ ಮಾಡುವುದೇ ನಿಜವಾದ ಕೆಲಸ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದದ್ದು 1982ರಲ್ಲಿ. ಲಕೋಟೆಯ ಮೇಲೆ ‘ಇಂದ’ ಅಂತ ಯಾರ ಹೆಸರು ಬೇಕಾದರೂ ಬರೆಯಬಹುದು ಅಲ್ವಾ, ಅದರಲ್ಲೂ ಹಾಗೇ ಇತ್ತು. ಅದಕ್ಕೇ ಆಮೇಲೆ ಮೂರು ದಾಖಲೆಗಳು ಬಂದವು. ಮೂರನ್ನೂ ಆಫೀಸಿನೊಳಗಿನ ಡಿಎನ್‌ಎಸ್‌ನಲ್ಲಲ್ಲ, ಹೊರಗಿನವರಿಗೆ ಕಾಣುವ ಡೊಮೇನಿನ ಡಿಎನ್‌ಎಸ್‌ನಲ್ಲಿ ಬರೆಯಬೇಕು.

ಎಸ್‌ಪಿಎಫ್: ನಮ್ಮ ಹೆಸರಿನ ಕಾಗದ ಒಯ್ಯಲು ಯಾವ ಐಪಿಗೆ ಹಕ್ಕಿದೆ ಅನ್ನುವ ಪಟ್ಟಿ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡು ಬರೆದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಡಿಕಿಮ್: ಕಾಗದಕ್ಕೆ ಒತ್ತುವ ಅರಗಿನ ಮುದ್ರೆ ಅಂದುಕೊಳ್ಳಿ. ದಾರಿಯಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಒಡೆಯುತ್ತದೆ. ಇಲ್ಲಿ ಸುಮಾರು ಜನ ಎಡವುವ ಜಾಗ ಒಂದಿದೆ. ಇದರ 2048 ಬಿಟ್‌ನ ಕೀ 255 ಅಕ್ಷರಕ್ಕಿಂತ ಉದ್ದ. ಡಿಎನ್‌ಎಸ್‌ನ ಒಂದು ತುಂಡಿಗೆ ಅಷ್ಟೇ ಮಿತಿ. ಹಾಗಾಗಿ ಕೀಯನ್ನು ಎರಡು ತುಂಡು ಮಾಡಿ, ಒಂದೊಂದನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಕೆಲವು ಡೊಮೇನ್ ಕಂಪನಿಗಳ ಪುಟ ತಾನೇ ತುಂಡು ಮಾಡುತ್ತದೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ. ಉಳಿಸಿದ ಮೇಲೆ ಹೊರಗಿನಿಂದ ಕೇಳಿ, ಕೊನೆಯ ಅಕ್ಷರದವರೆಗೆ ಬಂತಾ ನೋಡಿ.

ಡಿಮಾರ್ಕ್: ಮೇಲಿನ ಎರಡೂ ತಾಳೆಯಾಗದಿದ್ದರೆ ಏನು ಮಾಡಬೇಕು ಅಂತ ಎದುರಿನವರಿಗೆ ನೀವು ಕೊಡುವ ಸೂಚನೆ. ಮೊದಲು ‘ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ’ ಅಂತ ಇಡಿ. ಕೆಲವು ವಾರ ವರದಿ ಓದಿ. ಎಲ್ಲ ಸರಿ ಅನ್ನಿಸಿದ ಮೇಲೆ ಬಿಗಿ ಮಾಡಿ. ಮೊದಲ ದಿನವೇ ‘ತಿರಸ್ಕರಿಸಿ’ ಅಂತ ಬರೆದರೆ ನಿಮ್ಮದೇ ಮೇಲುಗಳು ಮಾಯವಾಗಬಹುದು.

2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಕಡ್ಡಾಯ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ಜೊತೆಗೆ ರಿವರ್ಸ್ ಡಿಎನ್‌ಎಸ್ ಬೇಕೇ ಬೇಕು. ನನ್ನ ಮಾತು ಕೇಳಿ, ಸಣ್ಣ ಆಫೀಸಾದರೂ ಮೂರನ್ನೂ ಹಾಕಿ.

ಪರೀಕ್ಷೆ ಮಾಡದೆ ಯಾರಿಗೂ ವಿಳಾಸ ಹಂಚಬೇಡಿ. ಮೊಬೈಲ್ ಇಂಟರ್‌ನೆಟ್‌ನಿಂದ, ಅಂದರೆ ಆಫೀಸಿನ ಹೊರಗಿನಿಂದ, ಪಾಸ್‌ವರ್ಡು ಕೊಡದೆ ನಿಮ್ಮ ಸರ್ವರ್ ಮೂಲಕ ಬೇರೆ ಯಾರದೋ ವಿಳಾಸಕ್ಕೆ ಮೇಲ್ ಕಳಿಸಲು ನೋಡಿ. ‘ರಿಲೇ ಆಕ್ಸೆಸ್ ಡಿನೈಡ್’ ಅಂತ ಬಂದರೆ ಸರಿ. ಮೇಲ್ ಹೋಯಿತು ಅಂದರೆ ತಕ್ಷಣ ಸರ್ವರ್ ನಿಲ್ಲಿಸಿ. ಸ್ಪ್ಯಾಮ್ ಕಳಿಸುವವರು ಇಂಥ ಬಾಗಿಲನ್ನೇ ಹುಡುಕುತ್ತಿರುತ್ತಾರೆ. ಒಮ್ಮೆ ನಿಮ್ಮ ಐಪಿ ಕಪ್ಪುಪಟ್ಟಿಗೆ ಬಿದ್ದರೆ ಹೊರಗೆ ಬರುವುದು ಕಷ್ಟ.

ಅಟ್ಯಾಚ್‌ಮೆಂಟಿನ ಮಿತಿಯನ್ನೂ ನೋಡಿ. ಪೋಸ್ಟ್‌ಫಿಕ್ಸ್ ಬಂದ ಹಾಗೇ ಬಿಟ್ಟರೆ 1,02,40,000 ಬೈಟ್, ಅಂದರೆ ಸುಮಾರು 10 ಎಂಬಿಯವರೆಗೆ ಒಪ್ಪುತ್ತದೆ. ಆದರೆ ಮೇಲ್ ಜೊತೆ ಹೋಗುವಾಗ ಫೈಲಿನ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ. 8 ಎಂಬಿಯ ಸ್ಕ್ಯಾನ್ ಕೂಡ ವಾಪಸ್ ಬರುತ್ತದೆ. ಆಡಿಟರ್ ಆಫೀಸಿಗೆ ಇದು ಸಾಲದು, ನಾವು 25 ಎಂಬಿಗೆ ಏರಿಸಿದೆವು.

ಇದು ನಿಮ್ಮದೇ ಸರ್ವರ್ ಅಂತ ಮೊಬೈಲುಗಳಿಗೆ ಖಾತ್ರಿ ಮಾಡುವ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತವಾಗಿ ತಗೊಳ್ಳಿ. ಅದರ ಮಾಮೂಲಿ ಸರ್ಟಿಫಿಕೇಟಿಗೆ 90 ದಿನ ಆಯಸ್ಸು, ತಾನಾಗೇ ನವೀಕರಣ ಆಗುವ ಹಾಗೆ ಇಡಬಹುದು. ಆದರೆ ಹೊಸದು ಬಂದಿದೆ ಅಂತ ಡವ್‌ಕಾಟ್‌ಗೆ ಹೇಳಬೇಕು, ಅಂದರೆ ರೀಲೋಡ್ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಸರ್ಟಿಫಿಕೇಟ್ ಡಿಸ್ಕಿನಲ್ಲಿದ್ದರೂ ಅದು ಹಳೆಯದನ್ನೇ ತೋರಿಸುತ್ತಾ ಕೂರುತ್ತದೆ. ಈ ಆಫೀಸಿನಲ್ಲಿ ನಾನು ಅದನ್ನು ಬಿಟ್ಟಿದ್ದೆ. ಹಳೆಯದರ ಆಯಸ್ಸು ಮುಗಿದದ್ದು 19ನೇ ತಾರೀಖು ಸಂಜೆ, ಜಿಎಸ್‌ಟಿಯ 3ಬಿ ರಿಟರ್ನಿನ ಕೊನೆಯ ತಾರೀಖಿನ ಹಿಂದಿನ ದಿನ. ಹದಿನಾಲ್ಕು ಮೊಬೈಲಿನಲ್ಲೂ ಕೆಂಪು ಎಚ್ಚರಿಕೆ. ಈಗ ನವೀಕರಣದ ಜೊತೆಗೇ ರೀಲೋಡ್ ಆಗುವ ಹಾಗೆ ಬರೆದಿಟ್ಟಿದ್ದೇನೆ.

ಒಂದು ದಿನ ಕರೆಂಟು ಹೋಗಿ ಸರ್ವರ್ ಆರಿದರೆ ಬರುವ ಮೇಲು ಹಾಳಾಗುತ್ತದಾ ಅಂತ ಸಾಹೇಬರು ಕೇಳಿದ್ದರು. ಇಲ್ಲ. ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನದವರೆಗೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಹಬ್ಬದ ರಜೆಗೆ ಹೆದರಬೇಕಿಲ್ಲ.

ಬ್ಯಾಕಪ್ ಮತ್ತು ನೋಟ್‌ಬುಕ್

ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ ಅನ್ನುವವರಿದ್ದಾರೆ. ಒಬ್ಬರು ತಪ್ಪಿ ಫೋಲ್ಡರ್ ಅಳಿಸಿದರೆ ಎರಡು ಡಿಸ್ಕಿನಲ್ಲೂ ಒಂದೇ ಕ್ಷಣಕ್ಕೆ ಅಳಿಸುತ್ತದೆ. ಹಾಗಾಗಿ ಎರಡು ಹೊರಗಿನ ಡಿಸ್ಕು ತಗೊಳ್ಳಿ, ಎರಡನ್ನೂ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡು ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡಿ. ದಿನಾ ರಾತ್ರಿ ಒಂದಕ್ಕೆ ಬ್ಯಾಕಪ್. ಶನಿವಾರ ಅದು ಸಾಹೇಬರ ಮನೆಗೆ ಹೋಗುತ್ತದೆ, ಮನೆಯಲ್ಲಿದ್ದದ್ದು ಆಫೀಸಿಗೆ ಬರುತ್ತದೆ.

ಒಂದು ದಪ್ಪ ರಟ್ಟಿನ ನೋಟ್‌ಬುಕ್ ಇಡಿ. ವಿಳಾಸಗಳ ಹಾಳೆ, ಡೊಮೇನ್ ನವೀಕರಣದ ತಾರೀಖು, ಐಪಿ ಕೊಟ್ಟವರ ಗ್ರಾಹಕ ಸಂಖ್ಯೆ, ಬದಲಿಸಿದ್ದು ಏನು, ಯಾವತ್ತು, ಯಾಕೆ, ಎಲ್ಲವೂ ಕನ್ನಡದಲ್ಲಿ. ಪಾಸ್‌ವರ್ಡುಗಳು ಅದರಲ್ಲಿ ಬೇಡ. ಅವು ಮುಚ್ಚಿದ ಲಕೋಟೆಯಲ್ಲಿ ಲಾಕರಿಗೆ ಹೋಗಲಿ.

ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಫೈಲು, ಒಂದು ಮೇಲ್ ವಾಪಸ್ ತೆಗೆದು ನೋಡಬೇಕು. ಈ ಆಫೀಸಿನಲ್ಲಿ ಅದನ್ನು ಈಗ ಮಾಡುವವರು ರಿಸೆಪ್ಶನ್‌ನಲ್ಲಿ ಕೂರುವ ಅಕ್ಕ. ಮೊದಲ ಸಲ ನಾನು ಪಕ್ಕದಲ್ಲಿ ನಿಂತಿದ್ದೆ. ಎರಡು ತಿಂಗಳ ಹಿಂದಿನ ಒಂದು ನೋಟಿಸಿನ ಉತ್ತರವನ್ನು ಅವರು ಹುಡುಕಿ, ತೆರೆದು, ಪ್ರಿಂಟ್ ತೆಗೆದು ಸಾಹೇಬರ ಮೇಜಿನ ಮೇಲಿಟ್ಟರು. ಆಮೇಲೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಸಹಿ ಮಾಡಿದರು.