300 ಕೆಜಿಯ ಬೈಕ್ ಪಿಕಪ್ ಏರಿದ್ದು ಹೀಗೆ

ಪೆಟ್ರೋಲ್ ತುಂಬಿದರೆ ನನ್ನ ಬೈಕ್ ಹತ್ತಿರ ಹತ್ತಿರ 300 ಕೆಜಿ ತೂಗುತ್ತದೆ. ಓಡುವಾಗ ಆ ತೂಕ ಲೆಕ್ಕಕ್ಕೇ ಬರುವುದಿಲ್ಲ. ಚಾರ್ಜಿಂಗ್ ಕಾಯಿಲ್ ಸುಟ್ಟು ನಡುದಾರಿಯಲ್ಲಿ ನಿಂತ ದಿನ ಒಂದೊಂದು ಕೆಜಿಯೂ ಲೆಕ್ಕಕ್ಕೆ ಬಂತು. ಪಿಕಪ್‌ನಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ. "ನಾಲ್ಕು ಜನ ಸೇರಿದ್ರೆ ಎತ್ತಿ ಇಟ್ಬಿಡಬಹುದು ಅಣ್ಣಾ" ಅಂದ ತಮ್ಮ. ನಾನೂ ನಂಬಿದೆ. ಹಗುರ ಬೈಕುಗಳನ್ನು ನಾವಿಬ್ಬರೇ ಎಷ್ಟೋ ಸಲ ಎತ್ತಿ ಹಾಕಿದ್ದೆವಲ್ಲ.

ಇದನ್ನು ಎತ್ತುವ ಮಾತಿರಲಿ, ಎಲ್ಲಿ ಹಿಡಿಯಬೇಕು ಅನ್ನೋದೇ ತಿಳಿಯಲಿಲ್ಲ. ಕೈಗೆ ಸಿಗುವುದೆಲ್ಲ ಪ್ಲಾಸ್ಟಿಕ್, ಇಲ್ಲಾಂದ್ರೆ ಸೈಲೆನ್ಸರ್.

ಆಮೇಲೆ 8 ಅಡಿ ಉದ್ದದ ಅಲ್ಯೂಮಿನಿಯಂ ರ್ಯಾಂಪ್ ತಂದೆವು. ಸಮತಟ್ಟು ಜಾಗದಲ್ಲಿ ಪಿಕಪ್ ನಿಲ್ಲಿಸಿ, ಹಿಂಬಾಗಿಲು ಬಿಚ್ಚಿ, ರ್ಯಾಂಪ್ ಒರಗಿಸಿದೆವು. ನಾನು ಎಡಗಡೆ ಹ್ಯಾಂಡಲ್ ಹಿಡಿದೆ, ಉಳಿದವರು ಹಿಂದಿನಿಂದ ತಳ್ಳಿದರು. ಅರ್ಧ ದಾರಿ ಹತ್ತುವಷ್ಟರಲ್ಲಿ ಹ್ಯಾಂಡಲ್ ನನ್ನ ತಲೆಯ ಮಟ್ಟಕ್ಕೆ ಹೋಗಿತ್ತು. ಬೈಕ್ ಮೇಲೆ, ನಾನು ಕೆಳಗೆ. ಆಗ ಕರ್ರ್ ಅಂತ ಸದ್ದಾಯಿತು. ನೋಡಿದರೆ ರ್ಯಾಂಪಿನ ಮೇಲ್ತುದಿ ಅಂಚಿನಿಂದ ಎರಡು ಬೆರಳಷ್ಟು ಹಿಂದೆ ಸರಿದಿದೆ. ನಾವು ಬೈಕನ್ನು ಮುಂದಕ್ಕೆ ತಳ್ಳುತ್ತಿದ್ದರೆ ನಮ್ಮ ಕಾಲುಗಳು ರ್ಯಾಂಪನ್ನು ಹಿಂದಕ್ಕೆ ತಳ್ಳುತ್ತಿದ್ದವು. ಇನ್ನೆರಡು ಬೆರಳು ಸರಿದಿದ್ದರೆ ಅಷ್ಟೂ ತೂಕ ನನ್ನ ಕಾಲ ಮೇಲೆ. ಉಸಿರು ಬಿಗಿಹಿಡಿದು ಹಾಗೇ ವಾಪಸ್ ಇಳಿಸಿದೆವು.

ಕೂತು ಲೆಕ್ಕ ಹಾಕಿದೆ. ಪಿಕಪ್‌ನ ತಳ ನೆಲದಿಂದ 85 ಸೆಂಟಿಮೀಟರ್ ಎತ್ತರ, ರ್ಯಾಂಪ್ 240 ಸೆಂಟಿಮೀಟರ್ ಉದ್ದ. 300 ಕೆಜಿಯನ್ನು ಆ ಇಳಿಜಾರಿನಲ್ಲಿ ತಳ್ಳುವುದೆಂದರೆ 106 ಕೆಜಿ ಭಾರವನ್ನು ನೇರ ಎತ್ತುವಷ್ಟು ಬಲ ಹಾಕಿ ನೂಕಿದ ಹಾಗೆ. ಜಾರುವ ಲೋಹದ ಮೇಲೆ ನಿಂತು ಇಷ್ಟು ನೂಕೋದು ತೋಳಿನ ಬಲದ ಪ್ರಶ್ನೆಯೇ ಅಲ್ಲ. ಎತ್ತರ ಕಡಿಮೆ ಮಾಡಬೇಕು, ಅಷ್ಟೇ.

ಸ್ವಲ್ಪ ದೂರದಲ್ಲಿ ಮೊಣಕಾಲುದ್ದದ ಮಣ್ಣಿನ ದಿಬ್ಬ ಇತ್ತು. ಪಿಕಪ್‌ನ ಹಿಂದಿನ ಚಕ್ರ ದಿಬ್ಬದ ಬುಡಕ್ಕೆ ಬರುವ ಹಾಗೆ ರಿವರ್ಸ್ ತೆಗೆದುಕೊಂಡೆವು. ರ್ಯಾಂಪಿನ ಕೆಳತುದಿ ದಿಬ್ಬದ ಮೇಲೆ ಕೂತಿತು. ಏರಬೇಕಾದ ಎತ್ತರ 45 ಸೆಂಟಿಮೀಟರ್‌ಗೆ ಇಳಿಯಿತು, ನೂಕಬೇಕಾದ ಭಾರ 56 ಕೆಜಿಗೆ. ಇನ್ನೊಂದು ಲಾಭವನ್ನು ನಾನು ಯೋಚಿಸಿಯೇ ಇರಲಿಲ್ಲ. ಇಳಿಜಾರು ಕಡಿದಾಗಿದ್ದರೆ ಮೇಲಿನ ಅಂಚಿಗೆ ಬಂದಾಗ ಬೈಕಿನ ಹೊಟ್ಟೆ ತಗುಲಿ ಸಿಕ್ಕಿಕೊಳ್ಳುತ್ತದೆ. ಈಗ ಸಲೀಸಾಗಿ ದಾಟಿತು.

ಈ ಸಲ ರ್ಯಾಂಪನ್ನು ಬೆಲ್ಟ್ ಹಾಕಿ ಪಿಕಪ್‌ನ ಚಾಸಿಗೆ ಕಟ್ಟಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ನಾನು ನಡೆಯಲು ಪಕ್ಕದಲ್ಲಿ ದಪ್ಪ ಹಲಗೆ ಹಾಕಿ ಅದನ್ನೂ ಕಟ್ಟಿದೆವು. ಬೈಕ್ ಒಂಚೂರು ನನ್ನ ಕಡೆಗೇ ವಾಲಿರಲಿ ಅಂತ ಹಿಡಿದುಕೊಂಡೆ. ಆ ಕಡೆ ವಾಲಿದರೆ ಇಷ್ಟು ತೂಕವನ್ನು ಎಳೆದು ನಿಲ್ಲಿಸೋಕೆ ಆಗಲ್ಲ. ತಳ್ಳುವವರೂ ನೇರ ಹಿಂದೆ ನಿಲ್ಲದೆ ಪಕ್ಕಕ್ಕಿದ್ದರು. ಒಂದೇ ಸಲಕ್ಕೆ ಮೇಲೆ ಹೋಯಿತು.

ಕಟ್ಟುವ ಕೆಲಸಕ್ಕೆ ಹಗ್ಗ ಬೇಡ. ಹಿಡಿ ಆಡಿಸಿದರೆ ಕ್ಲಿಕ್ ಕ್ಲಿಕ್ ಅಂತ ಬಿಗಿಯಾಗುವ ರ್ಯಾಚೆಟ್ ಬೆಲ್ಟ್ ನಾಲ್ಕು ಬಳಸಿದೆ. ಮುಂದಿನ ಎರಡನ್ನು ಹ್ಯಾಂಡಲ್‌ಗೆ ಹಾಕದೆ, ಫೋರ್ಕ್ (ಮುಂದಿನ ಚಕ್ರ ಹೊತ್ತಿರುವ, ಗುಂಡಿ ಬಂದರೆ ಕುಗ್ಗುವ ಜೋಡಿ ಕೊಳವೆ) ಹಿಡಿದಿರುವ ಕೆಳಗಿನ ಲೋಹದ ಅಡ್ಡಪಟ್ಟಿಗೆ ಮೆತ್ತನೆ ಬಟ್ಟೆ ಬೆಲ್ಟ್ ಸುತ್ತಿ ಅದಕ್ಕೆ ಕೊಕ್ಕೆ ಸಿಕ್ಕಿಸಿದೆ. ಎರಡೂ ಬದಿಯಿಂದ ಮುಂದಕ್ಕೂ ಕೆಳಕ್ಕೂ ಎಳೆಯಬೇಕು, ಮುಂದಿನ ಚಕ್ರ ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ ನಿಲ್ಲಬೇಕು. ಸೈಡ್ ಸ್ಟ್ಯಾಂಡ್ ಮಡಚಿಯೇ ಇರಬೇಕು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಬೆಲ್ಟ್ ಬಿಗಿದರೆ ಆ ಒತ್ತಡವೆಲ್ಲ ಸ್ಟ್ಯಾಂಡಿನ ಬುಡಕ್ಕೆ ಬೀಳುತ್ತದೆ.

ಎಷ್ಟು ಬಿಗಿಯಬೇಕು? ಇಲ್ಲಿ ತಮ್ಮನಿಗೂ ನನಗೂ ಸಣ್ಣ ಜಗಳವೇ ಆಯಿತು. ಅವನು ಫೋರ್ಕ್ ಪೂರ್ತಿ ಕೂರುವ ತನಕ ಎಳೆಯೋಣ ಅಂದ. ಹಾಗೆ ಮಾಡಿದರೆ ಫೋರ್ಕ್‌ನ ಎಣ್ಣೆ ಸೋರದಂತೆ ತಡೆಯುವ ಸೀಲ್‌ಗಳಿಗೆ ಸುಮ್ನೆ ಹೊರೆ. ಸಡಿಲ ಬಿಟ್ಟರೆ ಗುಂಡಿಯಲ್ಲಿ ಫೋರ್ಕ್ ಕುಗ್ಗಿದಾಗ ಬೆಲ್ಟ್ ಜೋಲುತ್ತದೆ, ತೆರೆದ ಕೊಕ್ಕೆ ಕಳಚಿಕೊಳ್ಳುತ್ತದೆ. ನಾನು ಅರ್ಧದಷ್ಟು ಕುಗ್ಗುವ ತನಕ ಬಿಗಿದೆ, ಎಡಕ್ಕೊಂದು ಕ್ಲಿಕ್, ಬಲಕ್ಕೊಂದು ಕ್ಲಿಕ್ ಅಂತ. ಬೈಕ್ ತಾನಾಗಿ ನೆಟ್ಟಗೆ ನಿಂತಿತು. ಹಿಂದಿನ ಎರಡು ಬೆಲ್ಟ್ ಚಕ್ರ ಅಕ್ಕಪಕ್ಕ ಕುಣಿಯದಿರಲಿ ಅಂತ ಮಾತ್ರ. ಕೊನೆಗೆ ಒಂದನೇ ಗೇರ್.

15 ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ನೋಡಿದೆ. ಎಡಗಡೆಯ ಬೆಲ್ಟ್ ಬೆರಳಿಂದ ಒತ್ತಿದರೆ ಬಗ್ಗುತ್ತಿತ್ತು. ಬಟ್ಟೆ ಸುತ್ತು ಕೂತುಕೊಂಡು ಸಡಿಲವಾಗಿತ್ತು. ಎರಡು ಕ್ಲಿಕ್ ಬಿಗಿದೆ. ಆಮೇಲೆ ಏನೂ ಆಗಲಿಲ್ಲ.

ನಿಜವಾಗಿ ಹೆದರಿದ್ದು ಇಳಿಸುವಾಗ. ಅಲ್ಲಿ ದಿಬ್ಬ ಇರಲಿಲ್ಲ, ಪೂರ್ತಿ 85 ಸೆಂಟಿಮೀಟರ್ ಹಿಮ್ಮುಖವಾಗಿ ಇಳಿಯಬೇಕು. ಕೈಯಲ್ಲಿ ಮುಂದಿನ ಬ್ರೇಕ್ ಇದೆಯಲ್ಲ ಅಂದುಕೊಂಡಿದ್ದೆ. ಹಿಂದಿನ ಚಕ್ರ ಇಳಿಜಾರಿಗೆ ಬಂದ ಕೂಡಲೇ ಬ್ರೇಕ್ ಹಿಡಿದೆ. ಚಕ್ರ ಲಾಕ್ ಆಯಿತು, ಬೈಕ್ ಮಾತ್ರ ಜಾರುತ್ತಲೇ ಇತ್ತು! ಭಾರವೆಲ್ಲ ಕೆಳಗಿದ್ದ ಹಿಂದಿನ ಚಕ್ರದ ಮೇಲೆ. ಮುಂದಿನದಕ್ಕೆ ಹಿಡಿತ ಎಲ್ಲಿಂದ ಬರಬೇಕು? ಹಿಂದಿನ ಬ್ರೇಕ್ ಆ ಕಡೆ ಕಾಲಿಗೆ, ಪಕ್ಕದಲ್ಲಿ ನಡೆಯುವವನಿಗೆ ಸಿಗುವುದಿಲ್ಲ.

ನನ್ನ ಪುಣ್ಯ, ಇಂಜಿನ್ ಆಫ್ ಇದ್ದರೂ ಒಂದನೇ ಗೇರ್ ಹಾಗೇ ಇತ್ತು. ಎಡಗೈಯಲ್ಲಿ ಒತ್ತಿ ಹಿಡಿದಿದ್ದ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಗಕ್ಕನೆ ನಿಂತಿತು. ಅಲ್ಲಿಂದ ಕ್ಲಚ್ಚೇ ಬ್ರೇಕ್. ಸ್ವಲ್ಪ ಒತ್ತಿದರೆ ಒಂದು ಗೇಣು ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೀಗೆ ಗೇಣು ಗೇಣಾಗಿ ನೆಲ ಮುಟ್ಟಿಸಿದೆವು. ಸೈಡ್ ಸ್ಟ್ಯಾಂಡ್ ಹಾಕಿ ಕೈ ತೆಗೆಯೋಣ ಅಂದರೆ ಎಡಗೈ ಬೆರಳು ಬಿಚ್ಚಿಕೊಳ್ಳಲೇ ಇಲ್ಲ. ತಮ್ಮ ಬಂದು ಒಂದೊಂದಾಗಿ ಬಿಡಿಸಿದ.