ಫೂತ್ಸಾಯ್ ಕೊನೆಗೂ ಕೈಗೆ ಹತ್ತಿತು: ನನ್ನ ಅನುಭವ

ಈ ಸಲ ನಮ್ಮನೆಯ ಒಂದೇ ಒಂದು ಬಾಟಲಿಗೂ ಬೂಷ್ಟು ಹಿಡಿಯಲಿಲ್ಲ. ಅದಕ್ಕೇ ಬರೀತಾ ಇದ್ದೇನೆ. ನಾನಿರುವುದು ತೈವಾನಿನ ಮಿಯಾವ್‌ಲಿ ಜಿಲ್ಲೆಯ ಗೊಂಗ್‌ಗ್ವಾನ್‌ನಲ್ಲಿ. ಗಂಡನ ಮನೆಯವರು ಹಕ್ಕಾ ಅನ್ನುವ, ಚೀನೀ ಮೂಲದ ಸಮುದಾಯದ ರೈತರು. ಈ ಊರಿಗೆ ಹೆಸರು ತಂದಿದ್ದು ಕೆಂಪು ಬೋರೆಹಣ್ಣು ಮತ್ತು ಬಾಟಲಿಗೆ ತುಂಬಿಡುವ ಹುಳಿ ಸಾಸಿವೆ ಸೊಪ್ಪು, ಅಂದರೆ ಈ ಫೂತ್ಸಾಯ್.

ಎರಡನೇ ಭತ್ತ ಕೊಯ್ದ ಗದ್ದೆಗೆ ಚಳಿಗಾಲದಲ್ಲಿ ದಪ್ಪ ದಂಟಿನ ಸಾಸಿವೆ ಹಾಕುತ್ತಾರೆ. ಕೊಯ್ದು, ಬಾಡಿಸಿ, ಉಪ್ಪು ಹಾಕಿ ತುಳಿದು, ಮೇಲೆ ಕಲ್ಲು ಹೇರಿ ಒಂದೆರಡು ವಾರ ಬಿಟ್ಟರೆ ಹುಳಿಸೊಪ್ಪು. ಅದನ್ನು ಅರೆ ಒಣಗಿಸಿ ಬಾಟಲಿಗೆ ಗಿಡಿದು, ತಲೆಕೆಳಗಾಗಿ ತಿಂಗಳುಗಟ್ಟಲೆ ಇಟ್ಟರೆ ಫೂತ್ಸಾಯ್. ಪೂರ್ತಿ ಒಣಗಿಸಿ ಗಂಟು ಕಟ್ಟಿದರೆ ಮೇಗಾನ್‌ತ್ಸಾಯ್. ಮಿಡಿ ಉಪ್ಪಿನಕಾಯಿ ಹಾಕಿ ಗೊತ್ತಿರುವವರಿಗೆ ಉಪ್ಪಿನ ಪಾಠ ಬೇಡ ಅಲ್ವಾ. ನೂರು ಜಿನ್ ಸೊಪ್ಪಿಗೆ ಐದಾರು ಜಿನ್ ಉಪ್ಪು. ಇಲ್ಲಿ ಒಂದು ಜಿನ್ ಅಂದರೆ 600 ಗ್ರಾಂ.

ತೊಂದರೆಯೆಲ್ಲ ಆ ಅರೆ ಒಣಗಿಸುವುದರಲ್ಲಿ. ಈಶಾನ್ಯದ ಗಾಳಿ ಬೀಸುವ ಕಾಲ. ಒಂದು ದಿನ ಬಿಸಿಲು ಬಂದರೆ ಎರಡು ದಿನ ಮೋಡ, ಜಿಟಿಜಿಟಿ. ಗೋಡೆ, ಬಿದಿರಿನ ಗಳ, ಕೊನೆಗೆ ಸ್ಕೂಟರ್ ಸೀಟಿನ ಮೇಲೂ ಸೊಪ್ಪು ಹರಡಿ, ಹನಿ ಬಿದ್ದ ಕೂಡಲೇ ಓಡಿಹೋಗಿ ಎತ್ತುವುದು. ಮೊದಲ ಚಳಿಗಾಲ ಅರ್ಧಕ್ಕರ್ಧ ಬಾಟಲಿ ತಿಪ್ಪೆಗೆ ಹೋಯಿತು. ಮಾರಿದ್ದರೆ ನಾಲ್ಕೈದು ಸಾವಿರ ತೈವಾನ್ ಡಾಲರ್ ಆಗುತ್ತಿತ್ತು. ಮರುವರ್ಷ ಗಂಡ ದುಡ್ಡು ಸುರಿದು ಅಗಲ ಬಾಯಿಯ ಗಾಜಿನ ಜಾಡಿ ತಂದರು. ತುಂಬುವುದು ಸಲೀಸು, ಆದರೆ ಒಳಗೆ ಗಾಳಿ ಉಳಿದು ಸೊಪ್ಪು ಕಪ್ಪಾಯಿತು. ಹಳೆಯ ಅಕ್ಕಿ ಮದ್ಯದ ಬಾಟಲಿಯೇ ವಾಸಿ. ಕೋಲಿನಿಂದ ಜಡಿದು ಜಡಿದು ಕೈ ಬೊಬ್ಬೆ ಬರುತ್ತದೆ, ಆದರೆ ಗಾಳಿಗೆ ಜಾಗವೇ ಇರುವುದಿಲ್ಲ.

ಆಮೇಲೆ ನಾನು ಕಣ್ಣು ಹಾಕಿದ್ದು ಮನೆಯ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಮಶೀನಿನ ಮೇಲೆ. ಇಲ್ಲಿ ಬಟ್ಟೆ ಒಣಗಿಸಲು ಅದು ಬಹಳ ಮನೆಗಳಲ್ಲಿ ಇರುತ್ತದೆ. ಅತ್ತೆ, "ಬಿಸಿಲು ಕಾಣದ ಸೊಪ್ಪಿಗೆ ಪರಿಮಳ ಎಲ್ಲಿಂದ ಬರಬೇಕಮ್ಮಾ?" ಅಂದರು. ಹಂದಿ ಮಾಂಸದ ಜೊತೆ ಬೇಯಿಸುವ ಫೂತ್ಸಾಯ್‌ಗೆ ಆ ಮಾಂಸವನ್ನೇ ತಿನ್ನದ ನಾನು ಕೈ ಹಾಕಿದ್ದು ಪಕ್ಕದ ಮನೆಯ ಅಜ್ಜಿಗಂತೂ ನಗು. ಅತ್ತೆಯ ಮಾತಿನಲ್ಲಿ ಅರ್ಧ ನಿಜ ಇದೆ. ಒಂದು ದಿನದ ಚುರುಕು ಬಿಸಿಲು ಬೇಕೇ ಬೇಕು. ಆಮೇಲೆ ರಾತ್ರಿ ಸಣ್ಣ ಕೋಣೆಯಲ್ಲಿ ಹಗ್ಗಕ್ಕೆ ನೇತುಹಾಕಿ, ಬಾಗಿಲು ಮುಚ್ಚಿ, ಮಶೀನು ಜೊತೆಗೆ ಫ್ಯಾನು. ಹಗಲು ಸಿಕ್ಕಷ್ಟು ಬಿಸಿಲು, ರಾತ್ರಿ ಮತ್ತೆ ಕೋಣೆ. ದಪ್ಪ ದಂಟು ಸೀಳಿಯೇ ಹಾಕಬೇಕು. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಎಲೆ ಮುರಿಯಲೂಬಾರದು. ಆಗ ಬಾಟಲಿಗೆ. ಕವುಚಿ ಇಡುವ ಮೊದಲು ಬಾಟಲಿಯ ಬಾಯಿಗೆ ಏನು ಮಾಡುತ್ತೇನೆ ಅನ್ನುವುದನ್ನು ಅತ್ತೆಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಕರೆಂಟಿಗೆ ಕೆಲವು ನೂರು ಡಾಲರ್ ಜಾಸ್ತಿ ಬಂತು. ಎಸೆದದ್ದಕ್ಕೆ ಹೋಲಿಸಿದರೆ ಏನೂ ಅಲ್ಲ.

ಕೊನೆಯ ಕಂತು ಒಣಗುವಾಗ ತಿಯೆನ್‌ಚ್ವಾನ್ ದಿನ ಬಂತು. ಚಾಂದ್ರಮಾನದ ಮೊದಲ ತಿಂಗಳ 20ನೇ ದಿನ. ನ್ಯೂವಾ ದೇವಿ ತೂತಾದ ಆಕಾಶಕ್ಕೆ ತೇಪೆ ಹಾಕಿದ ನೆನಪಿಗೆ ಹಕ್ಕಾ ಜನ ಅವತ್ತು ಗದ್ದೆಗೆ ಇಳಿಯುವುದಿಲ್ಲ, ಅಂಟಕ್ಕಿಯ ಸಿಹಿ ಕಡುಬು ಕರಿದು ಪೂಜೆಗೆ ಇಡುತ್ತಾರೆ. ಮಶೀನಿನ ಸದ್ದು ಕೇಳಿ ಅತ್ತೆ ಹುಬ್ಬು ಗಂಟು ಹಾಕಿದರು. "ಕೆಲಸ ಮಾಡ್ತಿರೋದು ಮಶೀನು, ನಾನು ಕಡುಬು ತಿಂತಾ ಇದ್ದೇನೆ ಅಮ್ಮಾ" ಅಂದೆ. ನಕ್ಕುಬಿಟ್ಟರು.

ಮನೆಯವರು ಫೂತ್ಸಾಯ್ ಹಾಕಿ ಮಾಂಸದ ಸೂಪ್ ಮಾಡುತ್ತಾರೆ, ಬಿದಿರು ಕಳಲೆ ಬೇಯಿಸುತ್ತಾರೆ. ನಾನು ತೊಗರಿಬೇಳೆ ಸಾರಿಗೆ ಹಾಕಿದೆ. ಹುಣಸೆ ಬೇಡ, ಉಪ್ಪೂ ಬೇಡ, ಇಂಗಿನ ಒಗ್ಗರಣೆ ಸಾಕು. ಮಾವ ಎರಡು ಸಲ ಬಡಿಸಿಕೊಂಡರು. ಮೂಲಂಗಿ ಸೊಪ್ಪಿನಲ್ಲೂ ಇದನ್ನೇ ಮಾಡಿ ನೋಡಿದೆ. ಬರೀ ನಾರು, ಆಸೆ ಬಿಡಿ.

ಜುಲೈಗೆ ಬೋರೆ ಕೊಯ್ಲು ಶುರು. ಒಂದೆರಡು ಬುಟ್ಟಿ ಅದೇ ಕೋಣೆಯಲ್ಲಿ ಒಣಗಿಸಬೇಕು ಅಂತಿದ್ದೇನೆ. ಬೋರೆಯ ರೇಟು ಕೇಳಿದ ಗಂಡ ಒಂದೇ ಬುಟ್ಟಿ ಸಾಕು ಅಂತಾರೆ.