ಸಿಟಿ ಸ್ಕ್ಯಾನ್ ಬಿಟ್ಟು ಡ್ಯೂಟಿ ಲಿಸ್ಟ್ ಹಿಡಿದೆ

ರಾತ್ರಿ ಎರಡೂವರೆಗೆ ಫೋನ್ ಬಂತು. "ಮೇಡಂ, ಮಗು ಹಾರ್ಟ್‌ಬೀಟ್ 90 ಬರ್ತಿದೆ." ಹೆರಿಗೆ ಡಾಕ್ಟರಿಗೆ ಇಷ್ಟು ಹೇಳಿದರೆ ಸಾಕು. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಒಳಗೆ ಇರಬೇಕು. ನಮ್ಮ ಮನೆ ಇರುವುದು ಆಸ್ಪತ್ರೆಯ ಮೇಲಿನ ಮಹಡಿಯಲ್ಲೇ. ಬರಿಗಾಲಲ್ಲೇ ಇಳಿದು ಓಡಿದೆ.

ನೋವು ಬರಿಸಲು ಹಾಕಿದ್ದ ಆಕ್ಸಿಟೋಸಿನ್ ಡ್ರಿಪ್ ಬೇಕಾದ್ದಕ್ಕಿಂತ ಜೋರಾಗಿ ಇಳಿಯುತ್ತಿತ್ತು. ಹನಿ ಎಣಿಸಿ ಸರಿಮಾಡಿಟ್ಟ ಸಿಸ್ಟರ್, ಪಕ್ಕದ ವಾರ್ಡಿನಲ್ಲಿ ಆಪರೇಷನ್ ಆದವರೊಬ್ಬರಿಗೆ ವಾಂತಿ ಅಂತ ಹೋಗಿದ್ದರು. ಅಷ್ಟರಲ್ಲಿ ಪೇಷಂಟ್ ಮಡಚಿದ್ದ ಕೈ ಚಾಚಿದ್ದಳೋ, ರೆಗ್ಯುಲೇಟರ್ ಸಡಿಲವಾಗಿತ್ತೋ. ಡ್ರಿಪ್ ನಿಲ್ಲಿಸಿ ಅವಳನ್ನು ಎಡಮಗ್ಗುಲಿಗೆ ಹೊರಳಿಸಿದೆವು. ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಇರುವುದು ನಲವತ್ತು ನಿಮಿಷದ ದಾರಿಯಲ್ಲಿ. ಪುಣ್ಯಕ್ಕೆ ಅವರು ಬರುವ ಮೊದಲೇ ಎದೆಬಡಿತ ಮೇಲೆ ಬಂತು. ಬೆಳಗಿನ ಜಾವ ಹೆರಿಗೆಯೂ ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಆ ರಾತ್ರಿ ಇಡೀ ಆಸ್ಪತ್ರೆಗೆ ಇದ್ದದ್ದು ಅವರೊಬ್ಬರೇ ಸಿಸ್ಟರ್. ಅದು ಅವರಿಗೆ ಸತತ ಆರನೇ ನೈಟ್ ಡ್ಯೂಟಿ. ಲಿಸ್ಟ್ ಬರೆದವಳು ನಾನೇ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮದು 30 ಹಾಸಿಗೆಯ ಆಸ್ಪತ್ರೆ. ನಮ್ಮವರು ಸರ್ಜನ್. ಹೆರಿಗೆ ಮತ್ತು ಆಡಳಿತ ನನ್ನ ಪಾಲು. ಆಡಳಿತವನ್ನು ಯಾರೂ ಕಲಿಸಿಕೊಟ್ಟಿರಲಿಲ್ಲ. ಎಂಬಿಬಿಎಸ್‌ನಲ್ಲಿ ಸಂಬಳದ ದಿನ ಹೇಗಿರುತ್ತದೆ ಅಂತ ಪಾಠ ಇರುವುದಿಲ್ಲವಲ್ಲ.

ಇದು 2022ರ ಮಾತು. ಕೋವಿಡ್ ಅಬ್ಬರ ಇಳಿದಿತ್ತು. ನಮ್ಮ ತಲೆಯಲ್ಲಿ ಆಗ ಓಡುತ್ತಿದ್ದದ್ದು ಒಂದೇ: ಸಿಟಿ ಸ್ಕ್ಯಾನ್ ಮೆಷಿನ್. ಊರಿನಲ್ಲಿ ಇರಲಿಲ್ಲ, ತಂದರೆ ಹೆಸರು. ಬ್ಯಾಂಕಿನವರು ಕಂತು ಲೆಕ್ಕ ಹಾಕಿಕೊಟ್ಟಿದ್ದರು. ಆಸ್ಪತ್ರೆ ನಡೆಸುವವರಿಗಾಗಿ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಒಂದು ಸಭೆ ಆಯಿತು, ಅದಕ್ಕೂ ಹೋಗಿ ಬಂದೆ. ಪರದೆಯ ಮೇಲೆ ಡಿಜಿಟಲ್, ಎಐ, ರೋಬೋಟ್ ಎಲ್ಲಾ ಬಂದವು. ಪಕ್ಕದಲ್ಲಿ ಕೂತಿದ್ದ ಹಾಸನದ ಕಡೆಯ ಡಾಕ್ಟರೊಬ್ಬರು ಊಟದ ಹೊತ್ತಿಗೆ ಮೆಲ್ಲಗೆ ಕೇಳಿದ್ದು ಮಾತ್ರ ಬೇರೆ: "ಮೇಡಂ, ನಿಮ್ಮಲ್ಲಿ ನೈಟಿಗೆ ಸಿಸ್ಟರ್ ಸಿಗ್ತಾರಾ?"

ಸಿಗುತ್ತಿರಲಿಲ್ಲ. ಹನ್ನೊಂದು ಜನರಲ್ಲಿ ಐದು ಜನ ಎರಡು ತಿಂಗಳಲ್ಲಿ ಬಿಟ್ಟು ಹೋಗಿದ್ದರು. ಸಂಬಳ ಸಾಲದೆ ಬೆಂಗಳೂರಿಗೆ ಹೋದರು ಅಂತ ನಾವಿಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದೆವು. ಹೋದವರನ್ನು ಕೇಳಿರಲಿಲ್ಲ. ಆ ಡ್ರಿಪ್‌ನ ರಾತ್ರಿ ಆದ ಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ಫೋನ್ ಮಾಡಲು ಮುಜುಗರ ಆಗುತ್ತಿತ್ತು.

ಒಬ್ಬರು ಹೇಳಿದರು: "ಸಂಬಳ ಆಮೇಲೆ ಮೇಡಂ. ನಮ್ಮ ರಜೆ ಯಾವತ್ತು ಅಂತ ನಮಗೇ ಗೊತ್ತಿರ್ತಿರಲಿಲ್ಲ." ಇನ್ನೊಬ್ಬರ ಮಾತು ಕೇಳಿ ನಾನು ಪೆಚ್ಚಾದೆ. ಅವರ ಊರಿಗೆ ಕೊನೆಯ ಬಸ್ಸು ಸಂಜೆ ಏಳೂವರೆಗೆ. ನಮ್ಮ ಹಗಲು ಶಿಫ್ಟ್ ಮುಗಿಯುತ್ತಿದ್ದದ್ದು ಎಂಟಕ್ಕೆ. ದಿನಾ ಅಣ್ಣ ಬೈಕ್ ತಂದು ಕಾಯಬೇಕಿತ್ತಂತೆ. ಮದುವೆ ಮಾತುಕತೆ ಶುರುವಾದ ಮೇಲೆ ಮನೆಯವರೇ ಸಾಕು ಅಂದರು. ಎಂಟು ವರ್ಷದಿಂದ ಆಸ್ಪತ್ರೆ ನಡೆಸುತ್ತಿದ್ದ ನನಗೆ ನಮ್ಮೂರ ಬಸ್ಸಿನ ಟೈಮು ಗೊತ್ತಿರಲಿಲ್ಲ.

ಮೂರನೆಯದು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ಕೆಲಸಕ್ಕೆ ಸೇರುವಾಗ ನಾವು ಸಿಸ್ಟರ್‌ಗಳ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತಿದ್ದೆವು. ಎಷ್ಟೋ ಕಡೆ ಹೀಗೆ ಮಾಡುತ್ತಾರೆ, ನಾವೂ ಮಾಡಿದೆವು. ಬೀರುವಿನಲ್ಲಿಟ್ಟ ಕಾಗದ ಮನುಷ್ಯರನ್ನು ಹಿಡಿದಿಡುತ್ತದೆ ಅನ್ನುವ ನಂಬಿಕೆ. ಆ ವಾರ ಎಲ್ಲರ ಸರ್ಟಿಫಿಕೇಟ್ ವಾಪಸ್ ಕೊಟ್ಟೆ. ನಮ್ಮವರು "ನಾಳೆಯೇ ಎಲ್ಲಾ ಹೋಗ್ತಾರೆ ನೋಡು" ಅಂದರು. ಒಬ್ಬಳು ಹೋದಳು, ಅಷ್ಟೇ.

ಆಮೇಲೆ ಡ್ಯೂಟಿ ಲಿಸ್ಟ್ ಹಿಡಿದು ಕೂತೆ. ಶನಿವಾರ ರಾತ್ರಿ ಮುಂದಿನ ವಾರದ್ದು ಬರೆಯುವ ಪದ್ಧತಿ ಬಿಟ್ಟು, ಇಡೀ ತಿಂಗಳದ್ದನ್ನು ಹಿಂದಿನ ತಿಂಗಳ 20ನೇ ತಾರೀಖಿನೊಳಗೆ ಗೋಡೆಗೆ ಅಂಟಿಸುವುದು ಅಂತ ಮಾಡಿದೆ. ನೈಟ್ ಒಂದೇ ಸಮನೆ ಮೂರಕ್ಕಿಂತ ಜಾಸ್ತಿ ಬೇಡ, ಆಮೇಲೆ ಒಂದು ಪೂರ್ತಿ ದಿನ ರಜೆ. ರಾತ್ರಿಗೆ ಇಬ್ಬರು ಇರಲೇಬೇಕು. ಹಗಲು ಶಿಫ್ಟ್ ಏಳಕ್ಕೆ ಮುಗಿಯಬೇಕು. ಬರೆಯುವುದು ಸುಲಭ. ಉಳಿದ ಐದು ಜನರನ್ನು ಇಟ್ಟುಕೊಂಡು ಇದನ್ನು ಕೂಡಿಸಲು ಹೋದರೆ ಕೂಡುವುದೇ ಇಲ್ಲ. ಮೊದಲ ಎರಡು ತಿಂಗಳು ಹತ್ತು ಹಾಸಿಗೆ ಮುಚ್ಚಿದೆವು. ಬಂದವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆವು. ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ನಡೆಯುವ ಆಸ್ಪತ್ರೆಯ ಹಾಸಿಗೆ ಖಾಲಿ ಇಡುವವರುಂಟಾ ಅಂತ ಅವರ ವಾದ. ರಾತ್ರಿ ಎರಡೂವರೆಯ ಫೋನ್ ನಿಮಗೆ ಬಂದಿರಲಿಲ್ಲ ಅಂತ ನನ್ನ ವಾದ.

ಸಂಬಳ ತಲೆಗೆ 2,500 ಜಾಸ್ತಿ ಮಾಡಿದೆವು. ಹನ್ನೊಂದು ಜನ ತುಂಬಿದರೆ ತಿಂಗಳಿಗೆ 27,500 ರೂಪಾಯಿ. ಸಿಟಿ ಸ್ಕ್ಯಾನ್ ಕಂತಿನ ಪಕ್ಕ ಇಟ್ಟು ನೋಡಿದಾಗ ನಮ್ಮವರು ಸುಮ್ಮನಾದರು. ಲೇಬರ್ ರೂಮಿಗೆ ಎರಡು ಇನ್‌ಫ್ಯೂಷನ್ ಪಂಪ್ ತಂದೆವು. ಹನಿ ಎಣಿಸುವ ಕೆಲಸ ಮೆಷಿನ್ನಿಗೆ ಹೋಯಿತು. ಇಂಥವನ್ನು ಕೊಳ್ಳುವಾಗ ಕೊಡುವ ಜಿಎಸ್‌ಟಿ ನಮಗೆ ವಾಪಸ್ ಬರುವುದಿಲ್ಲ, ಯಾಕೆಂದರೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಪೇಷಂಟಿಗೆ ತೆರಿಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಆಸ್ಪತ್ರೆ ನುಂಗಿಕೊಳ್ಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಅಷ್ಟಕ್ಕೂ ಹಣ ಎಲ್ಲಿಂದ ಬರಬೇಕಿತ್ತು? ಫೈಲುಗಳಿಂದ. ನಮಗೆ ಬರುವವರಲ್ಲಿ ಹೆಚ್ಚಿನವರು ಬಿಪಿಎಲ್ ಕಾರ್ಡಿನವರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆ 2018ರಲ್ಲಿ ಶುರುವಾಯಿತು, ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರವೇ ಕೊಡುತ್ತದೆ. ಇಂಥ ಚಿಕಿತ್ಸೆಗೆ ಇಷ್ಟು ಅಂತ ಪ್ಯಾಕೇಜ್ ನಿಗದಿ ಇರುತ್ತದೆ. ಇದರ ಜೊತೆಗೆ ಖಾಸಗಿ ವಿಮೆಯ ಕೇಸುಗಳು ಬೇರೆ. ಆ ಹಣಕ್ಕಾಗಿ ನಾವು ಕಳಿಸಿದ ಫೈಲುಗಳು ಪ್ರಶ್ನೆ ಹಾಕಿಸಿಕೊಂಡು ವಾಪಸ್ ಬರುತ್ತಲೇ ಇದ್ದವು. ಬೈದುಕೊಂಡು ಓಡಾಡುತ್ತಿದ್ದೆ. ಒಂದು ಭಾನುವಾರ ವಾಪಸ್ ಬಂದವನ್ನೆಲ್ಲಾ ನೆಲದ ಮೇಲೆ ಹರಡಿಕೊಂಡು ನೋಡಿದರೆ ತಪ್ಪು ನಮ್ಮದೇ. ಒಪ್ಪಿಗೆ ಪತ್ರದಲ್ಲಿ ಸಹಿ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲೊಂದು ತಾರೀಖು, ಕೇಸ್ ಶೀಟಿನಲ್ಲಿ ಇನ್ನೊಂದು. ರಾತ್ರಿಯ ಬಿಪಿ ಕಾಲಂ ಖಾಲಿ, ಇಲ್ಲವೇ ಒಂದೇ ಶಾಯಿಯಲ್ಲಿ ಆರು ಸಲದ್ದೂ ಒಟ್ಟಿಗೆ ಬರೆದದ್ದು. ಒಬ್ಬರೇ ಇಪ್ಪತ್ತು ಪೇಷಂಟ್ ನೋಡಿಕೊಂಡರೆ ಇನ್ನು ಹೇಗೆ ಬರೆಯುತ್ತಾರೆ? ಹಣ ನಿಂತದ್ದೂ ಆ ನೈಟ್ ಡ್ಯೂಟಿಯಲ್ಲೇ.

ಬಿಕಾಂ ಮುಗಿಸಿದ ಊರಿನ ಹುಡುಗಿಯೊಬ್ಬಳನ್ನು ಫೈಲಿಗೆ ಅಂತಲೇ ಸೇರಿಸಿಕೊಂಡೆವು. ಅವಳು ಫೈಲ್ ನೋಡುವುದು ಡಿಸ್ಚಾರ್ಜ್ ದಿನ ಅಲ್ಲ, ಅಡ್ಮಿಟ್ ಆದ ಮಾರನೇ ಬೆಳಿಗ್ಗೆ. ಸಹಿ ಬಿಟ್ಟಿದ್ದರೆ ಪೇಷಂಟ್ ಇನ್ನೂ ಹಾಸಿಗೆಯಲ್ಲೇ ಇರುತ್ತಾರೆ. ನನ್ನ ಕೈಬರಹ ಓದಲಾಗದೆ ದಿನಾ ಎರಡು ಸಲ ಓಪಿಡಿಗೆ ಬಂದು ನಿಲ್ಲುತ್ತಾಳೆ. ಈಗ ನಾನೂ ಬಿಡಿಸಿ ಬರೆಯುತ್ತೇನೆ. ಸುಮಾರು ಆರು ತಿಂಗಳಲ್ಲಿ ಬಾಕಿ ಹಣ ಹರಿದು ಬರತೊಡಗಿತು.

ಪೇಷಂಟ್ ಕಡೆಯವರ ಗಲಾಟೆಯ ವಿಷಯವೂ ಹಾಗೇ. ಡಾಕ್ಟರು, ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಅದರ ಬೋರ್ಡನ್ನೂ ಹಾಕಿದ್ದೆವು. ಮಗನಿಗೆ ಏನಾಗುತ್ತಿದೆ ಅಂತ ತಿಳಿಯದೆ ಎರಡು ದಿನ ಕಾರಿಡಾರಿನಲ್ಲಿ ಕೂತ ತಂದೆ ಬೋರ್ಡ್ ಓದಿ ಸಮಾಧಾನ ಮಾಡಿಕೊಳ್ಳುತ್ತಾನಾ? ಈಗ ಸಂಜೆ ಆರಕ್ಕೆ ನಮ್ಮಿಬ್ಬರಲ್ಲಿ ಒಬ್ಬರು, ಜೊತೆಗೆ ಆ ಹೊತ್ತಿನ ಸಿಸ್ಟರ್, ಪ್ರತಿ ಹಾಸಿಗೆಯ ಕಡೆಯವರ ಹತ್ತಿರ ನಿಂತು ಮಾತಾಡುತ್ತೇವೆ. ಖರ್ಚು ಎಷ್ಟಾಗಿದೆ, ನಾಳೆ ಎಷ್ಟಾಗಬಹುದು ಅಂತಲೂ ಹೇಳುತ್ತೇವೆ. ಅರ್ಧ ಗಂಟೆ ಹಿಡಿಯುತ್ತದೆ.

ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮೊದಲ ಹಂತದ ಸರ್ಟಿಫಿಕೇಟಿಗೂ ಕೈ ಹಾಕಿದ್ದೆವು. ಆಸ್ಪತ್ರೆಯ ಕಸದಲ್ಲಿ ಹಳದಿ ಚೀಲಕ್ಕೆ ಏನು, ಕೆಂಪಿಗೆ ಏನು, ಸೂಜಿ ಯಾವ ಡಬ್ಬಕ್ಕೆ ಅಂತ ಸಿಸ್ಟರ್‌ಗಳು ಕಂಠಪಾಠ ಮಾಡುತ್ತಿದ್ದರು. ನಮ್ಮ ಇನ್‌ಚಾರ್ಜ್ ಅಕ್ಕ ಒಂದು ದಿನ ಕೇಳಿದರು: "ಮೇಡಂ, ಇನ್‌ಸ್ಪೆಕ್ಷನ್‌ಗೆ ಓದಿಕೊಳ್ಳೋದಾ, ಕೆಲಸ ಮಾಡೋದಾ?" ಅದನ್ನು ಒಂದು ವರ್ಷ ಮುಂದೂಡಿದೆ. ಜನ ನಿಂತ ಮೇಲೆ ಅರ್ಧದಷ್ಟು ತಾನಾಗೇ ಆಗಿತ್ತು.

ಆಗದೇ ಇರುವುದು ಅರಿವಳಿಕೆ ಡಾಕ್ಟರದ್ದು. ಒಬ್ಬರೇ ಮೂರು ತಾಲ್ಲೂಕು ಸುತ್ತುತ್ತಾರೆ. ಮುಂಚೆಯೇ ಗೊತ್ತಾದ ಆಪರೇಷನ್‌ಗಳನ್ನು ಮಂಗಳವಾರ, ಶುಕ್ರವಾರಕ್ಕೆ ಕಟ್ಟಿದ್ದೇವೆ. ತುರ್ತು ಬಂದರೆ ಈಗಲೂ ಅದೇ ನಲವತ್ತು ನಿಮಿಷ. ಸಿಟಿ ಸ್ಕ್ಯಾನ್ ಇನ್ನೂ ಇಲ್ಲ. ತಲೆಗೆ ಪೆಟ್ಟಾದವರನ್ನು ತುಮಕೂರಿಗೇ ಕಳಿಸುತ್ತೇವೆ. ಆಂಬುಲೆನ್ಸ್ ಗೇಟು ದಾಟುವಾಗ ನಮ್ಮವರು ನನ್ನ ಮುಖ ನೋಡುತ್ತಾರೆ, ನಾನು ಬೇರೆ ಕಡೆ ನೋಡುತ್ತೇನೆ.

ಸದ್ಯಕ್ಕೆ ಹನ್ನೆರಡು ಜನ ಸಿಸ್ಟರ್ ಇದ್ದಾರೆ. ಅವರಲ್ಲಿ ಇಬ್ಬರು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ನನಗೆ ಮೊದಲೇ ಹೇಳಿದರು, ಹಿಂದಿನಂತೆ ಬಚ್ಚಿಡಲಿಲ್ಲ. ಮುಂದಿನ ತಿಂಗಳ ಲಿಸ್ಟ್ ನಿನ್ನೆ ಅಂಟಿಸಿದೆ. ಆ ಎರಡು ಹೆಸರು ಮಾತ್ರ ಪೆನ್ಸಿಲಿನಲ್ಲಿವೆ.